ಕಂಪ್ಯೂಟರ್ ಗಡಿಯಾರ ಮತ್ತೆ ಮತ್ತೆ ತಪ್ಪುತ್ತಿದೆಯೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಟೈಮ್ ತಪ್ಪಿದೆ ಎಂದ ಕೂಡಲೇ ‘ಸಿಮಾಸ್ ಬ್ಯಾಟರಿ ಹೋಗಿದೆ, ಬದಲಾಯಿಸಿ’ ಎನ್ನುವ ಸಲಹೆ ಸಿಗುತ್ತದೆ. ಸಿಮಾಸ್ ಬ್ಯಾಟರಿ ಎಂದರೆ ಕಂಪ್ಯೂಟರಿನೊಳಗಿನ ಗಡಿಯಾರ ಓಡಿಸುವ ನಾಣ್ಯದಾಕಾರದ ಸೆಲ್. ಆ ಸಲಹೆ ಎಷ್ಟೋ ಸಲ ನಿಜ, ಎಷ್ಟೋ ಸಲ ಅಲ್ಲ. ಕ್ಯಾಬಿನೆಟ್ ಬಿಚ್ಚುವ ಮೊದಲು ಎರಡು ಸಂಗತಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು, ಗಡಿಯಾರ ಸರಿಯಾಗಿ ಎಷ್ಟು ತಪ್ಪಿದೆ. ಎರಡು, ಯಾವಾಗ ತಪ್ಪುತ್ತದೆ: ಕರೆಂಟ್ ತೆಗೆದಿಟ್ಟಾಗಲೋ, ಕಂಪ್ಯೂಟರ್ ಓಡುತ್ತಿರುವಾಗಲೋ, ಇಂಟರ್ನೆಟ್ ಸಿಕ್ಕ ಮೇಲೋ. ಈ ಎರಡು ಉತ್ತರ ಕೈಯಲ್ಲಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಹೋಲಿಸಿ ನೋಡಲು, ನೆಟ್‌ವರ್ಕ್‌ನಿಂದ ತಾನಾಗಿಯೇ ಸಮಯ ತೆಗೆದುಕೊಳ್ಳುವ ಮೊಬೈಲ್ ಸಾಕು.

ಒಳಗಿರುವುದು ಎರಡು ಗಡಿಯಾರ

ಮದರ್‌ಬೋರ್ಡ್ ಮೇಲೆ ಒಂದು ಪುಟ್ಟ ಗಡಿಯಾರ ಸರ್ಕ್ಯೂಟ್ ಇದೆ. ಅದಕ್ಕೆ ತಾಳ ಹಾಕುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಬರುತ್ತದೆ, ಅಂದರೆ ಸೆಕೆಂಡಿಗೊಂದು ಮಿಡಿತ. ಕಂಪ್ಯೂಟರ್ ಆಫ್ ಇದ್ದಾಗಲೂ ಓಡುವುದು ಇದೇ. ಗೋಡೆಯ ಸ್ವಿಚ್ ಆನ್ ಇದ್ದರೆ ಇದಕ್ಕೆ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಡಬ್ಬಿಯಿಂದ ಕರೆಂಟ್ ಬರುತ್ತದೆ, ಇಲ್ಲದಿದ್ದರೆ ನಾಣ್ಯದಾಕಾರದ ಸೆಲ್‌ನಿಂದ.

ಎರಡನೆಯದು ವಿಂಡೋಸ್ ಅಥವಾ ಲಿನಕ್ಸ್‌ನ ಒಳಗಿನ ಗಡಿಯಾರ. ಬೂಟ್ ಆಗುವಾಗ ಒಮ್ಮೆ ಬೋರ್ಡಿನ ಗಡಿಯಾರ ನೋಡಿಕೊಂಡು, ಆಮೇಲೆ ಪ್ರೊಸೆಸರಿನ ಎಣಿಕೆಯ ಮೇಲೆ ತಾನೇ ಓಡುತ್ತದೆ. ನೆಟ್ ಸಿಕ್ಕಾಗ ಸಮಯದ ಸರ್ವರ್ ಕೇಳಿ ತಿದ್ದಿಕೊಳ್ಳುತ್ತದೆ. ಹಾಗಾಗಿ ಕೆಲಸ ಮಾಡುತ್ತಿರುವಾಗಲೇ ಟೈಮ್ ತಪ್ಪುತ್ತಿದ್ದರೆ ಸೆಲ್ ಬದಲಿಸಿ ಪ್ರಯೋಜನವಿಲ್ಲ. ರಾತ್ರಿ ಸ್ವಿಚ್ ತೆಗೆದು ಬೆಳಿಗ್ಗೆ ಹಾಕಿದಾಗ ತಪ್ಪಿದ್ದರೆ ಸೆಲ್ ಮೇಲೆ ಅನುಮಾನ ಪಡುವುದು ನ್ಯಾಯ.

ನಿಮಿಷ ಸರಿ, ಗಂಟೆ ಮಾತ್ರ ತಪ್ಪು

ನಿಮಿಷದ ಮುಳ್ಳು ಮೊಬೈಲಿಗೆ ಸರಿಹೊಂದಿ ಗಂಟೆ ಮಾತ್ರ ಬೇರೆ ಇದ್ದರೆ, ಅಥವಾ ವ್ಯತ್ಯಾಸ ಸರಿಯಾಗಿ ಅರ್ಧ ಗಂಟೆಯ ಲೆಕ್ಕದಲ್ಲಿದ್ದರೆ, ಯಂತ್ರದ ದೋಷ ಅಲ್ಲ. ಬಹಳ ಸಲ ಟೈಮ್ ಝೋನ್ ತಪ್ಪಿರುತ್ತದೆ. ಹಾಳಾದ ಗಡಿಯಾರ ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ.

ವ್ಯತ್ಯಾಸವೇ ಕಾರಣ ಹೇಳುತ್ತದೆ. ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ, ಝೋನ್ ಅಮೆರಿಕದ ಪೆಸಿಫಿಕ್‌ನಲ್ಲೇ ಉಳಿದಿದೆ. ಹಾಕಿದವರು ಅದನ್ನು ಬದಲಿಸಿಲ್ಲ. ದುಬೈ, ಮಸ್ಕತ್‌ನಿಂದ ತಂದ ಲ್ಯಾಪ್‌ಟಾಪ್ ಒಂದೂವರೆ ಗಂಟೆ ಹಿಂದೆ ತೋರಿಸುತ್ತದೆ. ಸೌದಿ, ಕುವೈತ್, ಕತಾರ್‌ನದ್ದು ಎರಡೂವರೆ ಗಂಟೆ ಹಿಂದೆ. ಸಿಂಗಪುರದ್ದು ಎರಡೂವರೆ ಗಂಟೆ ಮುಂದೆ. ಸರಿಯಾಗಿ 15 ನಿಮಿಷ ಮುಂದಿದ್ದರೆ ಪಟ್ಟಿಯಲ್ಲಿ ಭಾರತದ ಬದಲು ಕಠ್ಮಂಡು ಆರಿಸಿರುತ್ತೀರಿ. ಸರಿಯಾಗಿ 12 ಗಂಟೆ ತಪ್ಪಿದ್ದರೆ ಕೈಯಲ್ಲಿ ಸಮಯ ಹಾಕುವಾಗ ಎಎಂ, ಪಿಎಂ ಅದಲುಬದಲಾಗಿದೆ. ಇದರ ಗುರುತೆಂದರೆ ಮಧ್ಯಾಹ್ನ ಹನ್ನೆರಡಕ್ಕೆ ತಾರೀಖು ಬದಲಾಗುವುದು.

ಸರಿಪಡಿಸಲು ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲಾಂಗ್ವೇಜ್’, ಅದರೊಳಗೆ ‘ಡೇಟ್ ಅಂಡ್ ಟೈಮ್’ ತೆರೆಯಿರಿ. ಝೋನ್ ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಇರುವುದಿಲ್ಲ; ಯುಟಿಸಿ+05:30 (ಯುಟಿಸಿ ಎಂದರೆ ಎಲ್ಲ ಝೋನ್ ಲೆಕ್ಕಕ್ಕೂ ಆಧಾರವಾದ ಮೂಲ ಸಮಯ) ಸಾಲಿನಲ್ಲಿ ‘ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ಡೆಲ್ಲಿ’ ಎಂದಿರುವುದನ್ನು ಆರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಝೋನ್ ಮುಟ್ಟದೆ ಗಂಟೆಯನ್ನಷ್ಟೇ ಕೈಯಿಂದ ತಿದ್ದುತ್ತಾರೆ. ಆ ಕ್ಷಣಕ್ಕೆ ಸರಿ ಕಾಣುತ್ತದೆ, ಮುಂದಿನ ಸಲ ಸರ್ವರ್‌ನಿಂದ ಸಮಯ ಬಂದ ಕೂಡಲೇ ಮತ್ತೆ ಹಳೆಯ ತಪ್ಪಿಗೇ ಮರಳುತ್ತದೆ. ‘ಎಷ್ಟು ಸಲ ಸರಿ ಮಾಡಿದರೂ ಮತ್ತೆ ತಪ್ಪುತ್ತದೆ’ ಎನ್ನುವ ದೂರಿನ ಹಿಂದೆ ಇರುವುದು ಬಹಳ ಸಲ ಇದೇ.

ಝೋನ್ ಸರಿ ಮಾಡಿದರೂ ತಾನಾಗಿಯೇ ಬೇರೆ ದೇಶಕ್ಕೆ ಹಾರುತ್ತಿದ್ದರೆ ‘ಝೋನ್ ಅನ್ನು ತಾನಾಗಿಯೇ ಹೊಂದಿಸು’ ಎಂಬ ಆಯ್ಕೆಯನ್ನು ಆಫ್ ಮಾಡಿ. ಅದು ನೀವಿರುವ ಸ್ಥಳ ಊಹಿಸಿ ನಡೆಯುತ್ತದೆ, ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಕಡೆಯ ಸರ್ವರ್ ಮೂಲಕ ಹಾಯಿಸುವ ತಂತ್ರಾಂಶ) ಇದ್ದಾಗ ಊಹೆ ಕೆಲವೊಮ್ಮೆ ತಪ್ಪುತ್ತದೆ.

ಅಮೆರಿಕ, ಯುರೋಪಿನಲ್ಲಿರುವವರಿಗೆ ಒಂದು ಮಾತು. ವರ್ಷಕ್ಕೆರಡು ಸಲ ಸರಿಯಾಗಿ ಒಂದು ಗಂಟೆ ತಪ್ಪಿದರೆ ಬೇಸಿಗೆ ಸಮಯದ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯ) ಆಯ್ಕೆ ಆಫ್ ಆಗಿದೆ ಎಂದರ್ಥ. ಅಮೆರಿಕದಲ್ಲಿ ಇದು ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಬದಲಾಗುತ್ತದೆ, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಭಾರತದಲ್ಲಿ ಆ ಪದ್ಧತಿ ಇಲ್ಲ.

ಸರಿಯಾಗಿ ಐದೂವರೆ ಗಂಟೆ ತಪ್ಪು

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ ಇದು ಸಾಮಾನ್ಯವಾಗಿ ಬರುತ್ತದೆ. ಬೋರ್ಡಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಯುಟಿಸಿ ಎಂದು ಲಿನಕ್ಸ್ ನಂಬುತ್ತದೆ. ನೆಟ್ ಸಮಯಕ್ಕೆ ಹೊಂದಿಕೊಂಡ ಲಿನಕ್ಸ್ 11 ನಿಮಿಷಕ್ಕೊಮ್ಮೆ ಬೋರ್ಡಿಗೆ ಯುಟಿಸಿ ಬರೆಯುತ್ತಿರುತ್ತದೆ. ಆಮೇಲೆ ವಿಂಡೋಸ್ ತೆರೆದರೆ ಐದೂವರೆ ಗಂಟೆ ಹಿಂದೆ. ವಿಂಡೋಸ್ ತಿದ್ದಿದ ಮೇಲೆ ಲಿನಕ್ಸ್ ತೆರೆದರೆ ಐದೂವರೆ ಗಂಟೆ ಮುಂದೆ. ಪೆನ್‌ಡ್ರೈವ್‌ನಿಂದ ಒಂದೇ ಸಲ ಲಿನಕ್ಸ್ ಓಡಿಸಿ ನೋಡಿದವರಿಗೂ ಹೀಗಾಗಬಹುದು. ಅವರು ವಿಂಡೋಸ್‌ನಲ್ಲಿ ಒಮ್ಮೆ ಸಿಂಕ್ ಮಾಡಿದರೆ, ಅಂದರೆ ಸಮಯದ ಸರ್ವರ್‌ಗೆ ಹೊಂದಿಸಿದರೆ, ಮುಗಿಯಿತು.

ಎರಡನ್ನೂ ದಿನಾ ಬಳಸುವವರು ಯಾವುದಾದರೂ ಒಂದನ್ನು ಒಪ್ಪಿಸಬೇಕು. ಸುಲಭದ ದಾರಿ ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶದ ‘ಸೆಟ್-ಲೋಕಲ್-ಆರ್‌ಟಿಸಿ’ ಆಯ್ಕೆಗೆ 1 ಕೊಡುವುದು. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ನಮೂದು ಸೇರಿಸಿ 1 ಕೊಡುವುದು ಇನ್ನೊಂದು ದಾರಿ, ಆದರೆ ರಿಜಿಸ್ಟ್ರಿ ಗೊತ್ತಿಲ್ಲದವರು ಅತ್ತ ಹೋಗದಿರುವುದೇ ಒಳ್ಳೆಯದು. ಎರಡನ್ನೂ ಒಟ್ಟಿಗೆ ಮಾಡಬೇಡಿ. ಮಾಡಿದರೆ ಈಗ ವಿಂಡೋಸ್ ಐದೂವರೆ ಗಂಟೆ ಮುಂದೆ ಓಡುತ್ತದೆ, ಎಲ್ಲಿ ತಪ್ಪಾಯಿತೆಂದು ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ದಿನಕ್ಕೆ ಸೆಕೆಂಡು, ತಿಂಗಳಿಗೆ ನಿಮಿಷ

ಇದು ದೋಷವಲ್ಲ, ಹರಳಿನ ಸ್ವಭಾವ. ಸಾಧಾರಣ ಹರಳು ಹತ್ತು ಲಕ್ಷಕ್ಕೆ 20 ಭಾಗದಷ್ಟು ಅತ್ತಿತ್ತ ಇರುತ್ತದೆ. ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡಿನ ಆಸುಪಾಸು. ಈ ಹರಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ ಓಡುವಂತೆ ಮಾಡಿರುವುದರಿಂದ, ಸೆಕೆಯಾದರೂ ಚಳಿಯಾದರೂ ನಿಧಾನವೇ ಆಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗೆ 45 ಡಿಗ್ರಿ ಮುಟ್ಟಿದರೆ ದಿನಕ್ಕೆ ಇನ್ನೂ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಂದೆ ಬೀಳುತ್ತದೆ. ತಿಂಗಳಿಗೆ ಒಂದೆರಡು ನಿಮಿಷದೊಳಗಿನ ತಪ್ಪಿಗೆ ಬೋರ್ಡ್ ರಿಪೇರಿ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಮದ್ದು ಸಮಯದ ಸಿಂಕ್. ಅದೇ ‘ಡೇಟ್ ಅಂಡ್ ಟೈಮ್’ ಪುಟದಲ್ಲಿ ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಆನ್ ಮಾಡಿ, ‘ಸಿಂಕ್ ನೌ’ ಒತ್ತಿ. ಸಿಂಕ್ ಆಗದಿದ್ದರೆ ಈ ಕ್ರಮದಲ್ಲಿ ನೋಡಿ.

ಮೊದಲು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಮತ್ತೆ ‘ಸಿಂಕ್ ನೌ’ ಒತ್ತಿ. ಅಲ್ಲಿ ಆಗಿ ಮನೆ ಅಥವಾ ಕಾಲೇಜಿನ ನೆಟ್‌ನಲ್ಲಿ ಆಗದಿದ್ದರೆ ಸಮಯ ಕೇಳಲು ಬಳಸುವ ನೆಟ್‌ವರ್ಕ್ ಬಾಗಿಲು, ಅಂದರೆ ಯುಡಿಪಿ 123ನೇ ಪೋರ್ಟ್, ಯಾರೋ ಮುಚ್ಚಿದ್ದಾರೆ: ರೌಟರ್, ಫೈರ್‌ವಾಲ್ ಅಥವಾ ಆಂಟಿವೈರಸ್. ಹಾಟ್‌ಸ್ಪಾಟ್‌ನಲ್ಲೂ ಆಗದಿದ್ದರೆ ‘ಸರ್ವಿಸಸ್’ ತೆರೆದು ‘ವಿಂಡೋಸ್ ಟೈಮ್’ ನಿಂತಿದೆಯೇ ನೋಡಿ, ‘ಆಟೊಮ್ಯಾಟಿಕ್’ ಮಾಡಿ ಸ್ಟಾರ್ಟ್ ಕೊಡಿ. ಆಮೇಲೆ ಸರ್ವರ್ ಬದಲಿಸಿ ನೋಡಿ. ಭಾರತೀಯ ಕಾಲಮಾನವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ (ಎನ್‌ಪಿಎಲ್). ಅದರ ಸರ್ವರ್ ‘ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್’ ಎಂಬ ವಿಳಾಸದಲ್ಲಿದೆ.

ಇನ್ನೊಂದು ಅಡ್ಡಿ ಕಣ್ಣಿಗೆ ಬೀಳುವುದಿಲ್ಲ. ಕಚೇರಿಯ ಡೊಮೇನ್‌ಗೆ (ಒಂದು ಸರ್ವರ್ ನಿಯಂತ್ರಿಸುವ ಕಂಪ್ಯೂಟರ್‌ಗಳ ಗುಂಪಿಗೆ) ಸೇರದ ವಿಂಡೋಸ್, ವ್ಯತ್ಯಾಸ 54,000 ಸೆಕೆಂಡ್ ಅಂದರೆ 15 ಗಂಟೆ ದಾಟಿದ್ದರೆ ಸರ್ವರ್ ಹೇಳಿದ್ದನ್ನು ಒಪ್ಪದಂತೆ ಹೊಂದಿಸಲಾಗಿರುತ್ತದೆ. ಸೆಲ್ ಸತ್ತು ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದಾಗ ಸಿಂಕ್ ವಿಫಲವಾಗುವುದು ಇದರಿಂದ. ತಾರೀಖು, ಗಂಟೆ ಕೈಯಿಂದ ಸುಮಾರಾಗಿ ಸರಿಮಾಡಿ, ಆಮೇಲೆ ಸಿಂಕ್ ಕೊಡಿ.

ವೆಬ್‌ಸೈಟ್ ತೆರೆಯುತ್ತಿಲ್ಲ, ಕೋಡ್ ತಪ್ಪು ಎನ್ನುತ್ತಿದೆ

ಎಷ್ಟೋ ಜನರಿಗೆ ಗಡಿಯಾರ ತಪ್ಪಿರುವುದು ತಿಳಿಯುವುದೇ ಹೀಗೆ. ಬ್ಯಾಂಕ್, ಜಿಎಸ್‌ಟಿ, ಜಿಮೇಲ್ ಯಾವುದನ್ನು ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’, ‘ನಿಮ್ಮ ಗಡಿಯಾರ ಹಿಂದಿದೆ’ ಎಂಬ ಎಚ್ಚರಿಕೆ ಬರುತ್ತದೆ. ಪ್ರತಿ ಸುರಕ್ಷಿತ ಜಾಲತಾಣದ ಪ್ರಮಾಣಪತ್ರಕ್ಕೂ ಆರಂಭದ ಮತ್ತು ಮುಗಿಯುವ ತಾರೀಖು ಇರುತ್ತದೆ. ಕಂಪ್ಯೂಟರ್ 2015ರಲ್ಲಿದ್ದರೆ ಇವತ್ತಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬೇಡಿ, ಬ್ಯಾಂಕಿನದ್ದಾದರೆ ಖಂಡಿತ ಬೇಡ. ಗಡಿಯಾರ ತಿದ್ದಿ, ಬ್ರೌಸರ್ ಮುಚ್ಚಿ ತೆರೆಯಿರಿ.

ಎರಡು ಹಂತದ ಲಾಗಿನ್‌ಗೆ ಆಪ್ ತೋರಿಸುವ ಆರಂಕಿಯ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಮಯದ ಮೇಲೇ ಹುಟ್ಟುತ್ತದೆ. ಆಪ್ ಇರುವ ಯಂತ್ರದ ಗಡಿಯಾರ ಎರಡು ಮೂರು ನಿಮಿಷ ತಪ್ಪಿದ್ದರೂ ಕೋಡ್ ನಡೆಯುವುದಿಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿಗೆ ಈ ಸಮಸ್ಯೆ ಇಲ್ಲ.

ಅಂಗಡಿ, ಆಡಿಟರ್ ಕಚೇರಿಗಳಲ್ಲಿ ಇದು ಬರೀ ಕಿರಿಕಿರಿಯಲ್ಲ. ತಪ್ಪು ತಾರೀಖಿನಲ್ಲಿ ಹಾಕಿದ ಬಿಲ್, ಡಿಜಿಟಲ್ ಸಹಿ, ಬ್ಯಾಕಪ್ ಮುಂದೆ ಲೆಕ್ಕವನ್ನೇ ಕೆಡಿಸುತ್ತವೆ. ಗಡಿಯಾರ ತಪ್ಪಿದ್ದ ದಿನಗಳ ನಮೂದುಗಳನ್ನು ತಿದ್ದಿದ ಮೇಲೆ ಒಂದೊಂದಾಗಿ ನೋಡಿ.

ಸಮಯ ಸರಿಯಿದ್ದೂ ವಿಂಡೋಸ್ 7ರಂಥ ಹಳೆಯ ಯಂತ್ರದಲ್ಲಿ ಇದೇ ಎಚ್ಚರಿಕೆ ಬರುತ್ತಿದ್ದರೆ ಗಡಿಯಾರವನ್ನು ಬಿಟ್ಟುಬಿಡಿ. ಜಾಲತಾಣಗಳ ಪ್ರಮಾಣಪತ್ರವನ್ನು ನಂಬಲು ಯಂತ್ರದಲ್ಲೇ ಇರುವ ಹಳೆಯ ಮೂಲ ಪ್ರಮಾಣಪತ್ರಗಳ ಅವಧಿ ಮುಗಿದಿರಬಹುದು. ಅಂಥ ಒಂದು ದೊಡ್ಡ ಪ್ರಮಾಣಪತ್ರ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಸ್ವಿಚ್ ತೆಗೆದರೆ ತಾರೀಖೇ ಹಿಂದೆ ಹೋಗುತ್ತದೆ

ಬೆಳಿಗ್ಗೆ ಆನ್ ಮಾಡಿದರೆ ಹಲವು ವರ್ಷ ಹಿಂದಿನ ಜನವರಿ 1. ಕಪ್ಪು ಪರದೆಯ ಮೇಲೆ ‘ಸಿಮಾಸ್ ಚೆಕ್‌ಸಮ್ ಎರರ್’, ‘ಬ್ಯಾಟರಿ ಲೋ’, ‘ಎಫ್1 ಒತ್ತಿ’ ಎಂಬ ಬರಹ. ಇದು ಸೆಲ್‌ನ ಕೂಗು. ಇನ್ನೂ ಪೂರ್ತಿ ಸಾಯದ ಸೆಲ್ ಆದರೆ ತಾರೀಖು ಉಳಿಸಿಕೊಂಡು ಕೆಲವು ಗಂಟೆ ಮಾತ್ರ ಹಿಂದೆ ಬೀಳಬಹುದು: ರಾತ್ರಿ 10ಕ್ಕೆ ಆಫ್ ಮಾಡಿದ್ದು ಬೆಳಿಗ್ಗೆ 10:20 ಎನ್ನಬೇಕಾದಲ್ಲಿ ರಾತ್ರಿ 1:47 ಎನ್ನುತ್ತದೆ.

ಖಚಿತಪಡಿಸಿಕೊಳ್ಳಲು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಆನ್ ಆಗುವಾಗಲೇ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ. ಕೆಲವು ಕಂಪನಿಗಳಲ್ಲಿ ಅದು ಎಫ್1 ಅಥವಾ ಎಫ್10. ಅಲ್ಲೇ ಸಮಯ ಸರಿಮಾಡಿ ಉಳಿಸಿ. ಆಫ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಬೆಳಿಗ್ಗೆ ವಿಂಡೋಸ್‌ಗೆ ಬಿಡದೆ ನೇರ ಬಯೋಸ್‌ಗೆ ಹೋಗಿ ನೋಡಿ. ಅಲ್ಲೇ ತಪ್ಪಿದ್ದರೆ ಸೆಲ್ ಅಥವಾ ಬೋರ್ಡ್. ಅಲ್ಲಿ ಸರಿಯಿದ್ದು ವಿಂಡೋಸ್‌ನಲ್ಲಿ ತಪ್ಪಿದ್ದರೆ ಸೆಲ್‌ಗೆ ಸಂಬಂಧವಿಲ್ಲ, ಮೇಲಿನ ಭಾಗಗಳಿಗೆ ಮರಳಿ.

ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಅದರಲ್ಲಿರುವುದು ಸುಮಾರು 220 ಮಿಲಿಆಂಪ್-ಗಂಟೆ. ಬೋರ್ಡ್ 5 ಮೈಕ್ರೋಆಂಪ್ ಎಳೆದರೆ 44,000 ಗಂಟೆ, ಅಂದರೆ ಐದು ವರ್ಷ. ಪ್ಲಗ್ ಯಾವಾಗಲೂ ಜೋಡಿಸಿಯೇ ಇರುವ ಕಂಪ್ಯೂಟರಿನಲ್ಲಿ ಸೆಲ್‌ಗೆ ಕೆಲಸವೇ ಕಡಿಮೆ, ಇನ್ನೂ ಹೆಚ್ಚು ಬಾಳುತ್ತದೆ. ನಮ್ಮಲ್ಲಿ ರಾತ್ರಿ ಮೇನ್ ಸ್ವಿಚ್ ತೆಗೆಯುವುದು, ಮಲೆನಾಡಿನ ಕಡೆ ಸಿಡಿಲಿಗೆ ಹೆದರಿ ಪ್ಲಗ್ ಕೀಳುವುದು ರೂಢಿ. ಸೆಲ್ ಉಳಿಸಲು ಆ ರೂಢಿ ಬಿಡಬೇಡಿ. ಸಿಡಿಲಿಗೆ ಬೋರ್ಡ್ ಸುಟ್ಟರೆ ಸಾವಿರಾರು ರೂಪಾಯಿ, ಸೆಲ್‌ಗೆ ಸಾಮಾನ್ಯವಾಗಿ ನೂರರೊಳಗೆ.

ಬದಲಿಸುವ ಮೊದಲು ಮೂರು ಜಾಗ್ರತೆ. ಬಯೋಸ್‌ನ ಎಲ್ಲ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸೆಲ್ ತೆಗೆದಾಗ ಸೆಟ್ಟಿಂಗ್‌ಗಳು ಮೂಲ ಸ್ಥಿತಿಗೆ ಮರಳಬಹುದು. ಡಿಸ್ಕಿನ ‘ಎಎಚ್‌ಸಿಐ’, ‘ರೇಡ್’ ಆಯ್ಕೆ ಅಥವಾ ಬೂಟ್ ವಿಧಾನ ಬದಲಾದರೆ ವಿಂಡೋಸ್ ತೆರೆಯುವುದೇ ಇಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿದಾಗ ಅದಿಲ್ಲದಿದ್ದರೆ ಫೈಲ್‌ಗಳು ಕೈಗೆ ಸಿಗುವುದಿಲ್ಲ. ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ ಅದೂ ಗೊತ್ತಿರಲಿ.

ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಹೊರಹಾಕಿ. ಪಕ್ಕದ ತಗಡು ತೆಗೆದು, ಬಣ್ಣವಿಲ್ಲದ ಲೋಹದ ಭಾಗವನ್ನು ಬರಿಗೈಯಿಂದ ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯದ ವೋಲ್ಟೇಜ್ ಉಳಿದಿರಬಹುದು. ಸೆಲ್‌ನ ಪಕ್ಕದ ಸಣ್ಣ ಕೊಕ್ಕೆಯನ್ನು ಉಗುರಿನಿಂದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಸರಿಸಿದರೆ ಸೆಲ್ ಮೇಲೇಳುತ್ತದೆ. ಸ್ಕ್ರೂಡ್ರೈವರ್ ಜಾರಿ ಬೋರ್ಡ್ ಗೀರುವುದು ಇಲ್ಲೇ.

ಮಲ್ಟಿಮೀಟರ್ ಇದ್ದರೆ 20 ವೋಲ್ಟ್ ಡಿಸಿಯಲ್ಲಿಟ್ಟು ಅಳೆಯಿರಿ. ಕೆಂಪು ಕಡ್ಡಿ + ಗುರುತಿನ ಮೇಲೆ. 3.0ಕ್ಕಿಂತ ಹೆಚ್ಚಿದ್ದರೆ ಸೆಲ್ ಚೆನ್ನಾಗಿದೆ. ಈ ಬಗೆಯ ಸೆಲ್ ಬಹುಪಾಲು ಆಯುಸ್ಸನ್ನು 2.9ರ ಆಸುಪಾಸಿನಲ್ಲೇ ಕಳೆದು ಕೊನೆಗೆ ಒಮ್ಮೆಲೇ ಕುಸಿಯುತ್ತದೆ, ಹಾಗಾಗಿ 2.7ಕ್ಕೆ ಇಳಿದಿದ್ದರೆ ಬದಲಿಸಿ. ಹೊಸದನ್ನೂ ಅಂಗಡಿಯಲ್ಲೇ ಅಳೆಸಿ ತನ್ನಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಸರಕು ಬರುವುದುಂಟು. ಸಿಆರ್2025 ಅಷ್ಟೇ ಅಗಲವಿದ್ದರೂ ದಪ್ಪ 2.5 ಮಿಲಿಮೀಟರ್, ಹಿಡಿತ ಸಡಿಲವಾಗುತ್ತದೆ, ತರಬೇಡಿ. ಹೊಸದನ್ನು + ಬರೆದ ಬದಿ ನಿಮಗೆ ಕಾಣುವಂತೆ ಕೂರಿಸಿ.

ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ತಪ್ಪದೆ ಓದಿ. ಈ ಸೆಲ್ ನುಂಗಿದರೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಲ್ಲದು, ಖಾಲಿಯಾದ ಸೆಲ್ ಕೂಡ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಕಾಯದೆ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಓಡಿ. ತೆಗೆದ ಸೆಲ್‌ನ ಎರಡೂ ಬದಿಗೆ ಟೇಪ್ ಸುತ್ತಿ, ಆಗಲೇ ಎತ್ತಿಡಿ. ಮೇಜಿನ ಮೇಲೆ ಬಿಡಬೇಡಿ, ಇ-ತ್ಯಾಜ್ಯಕ್ಕೆ ಕೊಡಿ.

ಹೊಸ ಸೆಲ್ ಹಾಕಿದರೂ ಅದೇ ಕಥೆ

ಕರಾವಳಿಯಲ್ಲಿ ಮೊದಲು ನೋಡಬೇಕಾದದ್ದು ಸೆಲ್ ಕೂರುವ ತಟ್ಟೆ. ಉಪ್ಪಿನ ಗಾಳಿಗೆ, ಮಳೆಗಾಲದ ತೇವಕ್ಕೆ ಅದರ ಲೋಹದ ಪಟ್ಟಿ ಹಸಿರುಗಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕೆಳಗಿನ ಸ್ಪ್ರಿಂಗ್ ಒತ್ತಿಹೋಗಿದ್ದರೆ ನಾಜೂಕಾಗಿ ಸ್ವಲ್ಪ ಮೇಲೆತ್ತಿ.

ಆಮೇಲೆ ಸೆಲ್ ಹತ್ತಿರದ ಮೂರು ಪಿನ್‌ಗಳ ಜಂಪರ್. ‘ಕ್ಲಿಯರ್ ಸಿಮಾಸ್’ ಎಂಬರ್ಥದ ಗುರುತು ಇರುತ್ತದೆ. ಹಿಂದೊಮ್ಮೆ ರಿಪೇರಿ ಮಾಡಿದವರು ಅದನ್ನು ಅಳಿಸುವ ಸ್ಥಾನದಲ್ಲೇ ಬಿಟ್ಟಿದ್ದರೆ ಎಷ್ಟು ಸೆಲ್ ಹಾಕಿದರೂ ನಿಲ್ಲುವುದಿಲ್ಲ. ಯಾವ ಎರಡು ಪಿನ್ ಸರಿ ಎಂಬುದು ಬೋರ್ಡಿನ ಕೈಪಿಡಿಯಲ್ಲಿದೆ, ಊಹಿಸಿ ಹಾಕಬೇಡಿ.

ಎರಡೂ ಸರಿಯಿದ್ದರೆ ಹೊಸ ಸೆಲ್‌ನ ವೋಲ್ಟೇಜ್ ಬರೆದಿಟ್ಟು, ಎರಡು ಮೂರು ವಾರ ಬಿಟ್ಟು ಮತ್ತೆ ಅಳೆಯಿರಿ. 3.2 ಇದ್ದದ್ದು 2.5ಕ್ಕೆ ಇಳಿದಿದ್ದರೆ ಬೋರ್ಡಿನಲ್ಲಿ ಎಲ್ಲೋ ಸೋರಿಕೆ ಇದೆ: ಡಯೋಡ್, ಕೆಪಾಸಿಟರ್ ಅಥವಾ ಚಿಪ್ಪೇ. ಇನ್ನು ನೀವು ನಿಲ್ಲಿಸಿ. ವೋಲ್ಟೇಜ್ ಚೆನ್ನಾಗಿದ್ದೂ ದಿನಕ್ಕೆ ನಿಮಿಷಗಟ್ಟಲೆ ತಪ್ಪುತ್ತಿದ್ದರೆ ಹರಳಿನ ಸುತ್ತ ದೋಷ. ಅದೂ ಚಿಪ್ ಮಟ್ಟದ ಕೆಲಸ ಬಲ್ಲವರದ್ದು.

ಲ್ಯಾಪ್‌ಟಾಪ್ ಆದರೆ

ಸೆಲ್ ಇರುವ ರೀತಿಯೇ ಬೇರೆ. ಕೆಲವದರಲ್ಲಿ ಪ್ಲಾಸ್ಟಿಕ್ ಸುತ್ತಿ ಎರಡು ತಂತಿ ಬಿಟ್ಟ ಸೆಲ್, ಕೆಲವದರಲ್ಲಿ ಬೋರ್ಡಿಗೇ ಬೆಸೆದದ್ದು, ಕೆಲವದರಲ್ಲಿ ಬೇರೆ ಸೆಲ್ಲೇ ಇಲ್ಲ, ದೊಡ್ಡ ಬ್ಯಾಟರಿಯೇ ಗಡಿಯಾರವನ್ನೂ ಓಡಿಸುತ್ತದೆ. ಮೂರನೆಯ ಬಗೆಯಲ್ಲಿ ದೊಡ್ಡ ಬ್ಯಾಟರಿ ಪೂರ್ತಿ ಖಾಲಿಯಾದರೆ ಟೈಮ್ ಹೋಗುವುದು ಸಹಜ. ಕೆಲವು ಯಂತ್ರಗಳಲ್ಲಿ ಎಂಎಲ್ ಎಂದು ಶುರುವಾಗುವ, ಚಾರ್ಜ್ ಆಗುವ ಸೆಲ್ ಇರುತ್ತದೆ. ಅದರ ಜಾಗಕ್ಕೆ ಸಿಆರ್ ಸೆಲ್ ಹಾಕಬೇಡಿ. ಚಾರ್ಜ್ ಆಗಬಾರದ ಸೆಲ್‌ಗೆ ಚಾರ್ಜ್ ಹೋದರೆ ಉಬ್ಬುತ್ತದೆ, ಸೋರುತ್ತದೆ, ಒಡೆಯಬಹುದು.

ವಾರಂಟಿ ಇದ್ದರೆ ಬಿಚ್ಚುವುದೇ ಬೇಡ. ಬಿಚ್ಚಿದವರು ಮೊದಲು ದೊಡ್ಡ ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಅದು ಉಬ್ಬಿದ್ದು ಕಂಡರೆ ಒತ್ತದೆ, ಚುಚ್ಚದೆ, ಚಾರ್ಜಿಗೆ ಹಾಕದೆ ಸರ್ವಿಸ್‌ನವರಿಗೆ ಒಪ್ಪಿಸಿ.

ಓಡುತ್ತಿರುವಾಗಲೇ ತಪ್ಪುತ್ತದೆ

ಬೆಳಿಗ್ಗೆ ಸರಿಯಿದ್ದು ಸಂಜೆಗೆ ಹತ್ತು ನಿಮಿಷ ಹಿಂದೆ ಬಿದ್ದರೆ ತಂತ್ರಾಂಶದ ಕಡೆ ನೋಡಿ. ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರ್) ಆದರೆ ನಿಲ್ಲಿಸಿ ಮತ್ತೆ ಓಡಿಸಿದಾಗ ಅದರ ಗಡಿಯಾರ ನಿಂತಲ್ಲೇ ಇರುತ್ತದೆ. ಅದರೊಳಗೆ ‘ಗೆಸ್ಟ್ ಟೂಲ್ಸ್’ ತಂತ್ರಾಂಶ ಹಾಕಿ ಸಮಯದ ಸಿಂಕ್ ಆನ್ ಮಾಡಿ. ಓವರ್‌ಕ್ಲಾಕ್ ಮಾಡಿದ್ದರೆ ಮೂಲ ವೇಗಕ್ಕೆ ಮರಳಿಸಿ. ಬಯೋಸ್ ಮತ್ತು ಚಿಪ್‌ಸೆಟ್ ಡ್ರೈವರ್ ಅಪ್‌ಡೇಟ್ ಕೊನೆಯ ಹೆಜ್ಜೆ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು, ಯುಪಿಎಸ್ ಇಲ್ಲದೆ ಮುಟ್ಟಬೇಡಿ.

ಶಾಲೆ, ಲ್ಯಾಬ್‌ಗಳಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಈ ಯಾವ ತನಿಖೆಯೂ ಬೇಕಿಲ್ಲ. 5ನೇ ಮಾದರಿಗಿಂತ ಹಿಂದಿನವುಗಳಲ್ಲಿ ಬೋರ್ಡಿನ ಗಡಿಯಾರವೇ ಇಲ್ಲ. ನೆಟ್ ಇಲ್ಲದ ಕಡೆ ಇಡುವುದಾದರೆ ಡಿಎಸ್3231 ಎಂಬ ಪುಟ್ಟ ಗಡಿಯಾರ ಮಾಡ್ಯೂಲ್ ಸೇರಿಸಿ.

ಕಚೇರಿಯ ಕಂಪ್ಯೂಟರ್

ಡೊಮೇನ್‌ಗೆ ಸೇರಿದ ಯಂತ್ರ ಕಚೇರಿಯ ಸರ್ವರ್‌ನಿಂದ ಸಮಯ ಪಡೆಯುತ್ತದೆ. ಅಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಲಾಗಿನ್ ಆಗುವುದೇ ನಿಲ್ಲಬಹುದು. ಕೈಯಿಂದ ತಿದ್ದಬೇಡಿ. ಪಕ್ಕದ ನಾಲ್ಕು ಕಂಪ್ಯೂಟರ್ ನೋಡಿ. ಎಲ್ಲದರಲ್ಲೂ ಒಂದೇ ತಪ್ಪಿದ್ದರೆ ದೋಷ ಸರ್ವರ್‌ನದ್ದು, ಸಿಸ್ಟಮ್ ಅಡ್ಮಿನ್‌ಗೆ ತಿಳಿಸಿ. ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಂಸ್ಥೆಗಳು ಎನ್‌ಐಸಿ (ಸರಕಾರದ ಮಾಹಿತಿ ತಂತ್ರಜ್ಞಾನ ಕೇಂದ್ರ) ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಕೊಳ್ಳಬೇಕಿರುವುದರಿಂದ ಅದನ್ನು ಸರಿಪಡಿಸುವ ಹೊಣೆ ಅವರದ್ದೇ.

ರಿಪೇರಿಗೆ ಕೊಡುವಾಗ

‘ಟೈಮ್ ತಪ್ಪುತ್ತದೆ’ ಎಂದಷ್ಟೇ ಹೇಳಿ ಬರಬೇಡಿ. ಎಷ್ಟು ತಪ್ಪುತ್ತದೆ, ಪ್ಲಗ್ ಕಿತ್ತಾಗಲೋ ಓಡುವಾಗಲೋ, ಬಯೋಸ್‌ನಲ್ಲಿ ರಾತ್ರಿಯ ಪರೀಕ್ಷೆಯ ಫಲ ಏನು, ಸೆಲ್ ಯಾವ ತಾರೀಖಿಗೆ ಎಷ್ಟು ವೋಲ್ಟ್ ಇತ್ತು, ಈಗ ಎಷ್ಟಿದೆ, ಇಷ್ಟನ್ನು ಅದೇ ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿ ಕೊಡಿ. ಬೋರ್ಡೇ ಬದಲಿಸಬೇಕು ಎಂದರೆ ಸೋರಿಕೆ ಎಲ್ಲಿ ಸಿಕ್ಕಿತೆಂದು ಕೇಳಿ. ಹಳೆಯ ಕಂಪ್ಯೂಟರ್ ಆಗಿ ಉಳಿದದ್ದೆಲ್ಲ ಸರಿಯಿದ್ದರೆ, ಪ್ರತಿ ಬೂಟ್‌ನಲ್ಲೂ ನೆಟ್‌ನಿಂದ ಸಮಯ ತೆಗೆದುಕೊಳ್ಳುವಂತೆ ಹೊಂದಿಸಿ ಬಳಸುವುದು ಎಷ್ಟೋ ಕಡೆ ಸಾಕಾಗುತ್ತದೆ. ಬಿಲ್ಲಿಂಗ್ ಯಂತ್ರಕ್ಕೆ ಮಾತ್ರ ಈ ದಾರಿ ಬೇಡ, ನೆಟ್ ಇಲ್ಲದ ಒಂದು ಬೆಳಿಗ್ಗೆ ಅದು ಹಳೆಯ ತಾರೀಖಿನಲ್ಲಿ ಬಿಲ್ ಹಾಕಲು ಶುರುಮಾಡುತ್ತದೆ.